ಕಮಲಾಪುರದ ಬಾವಿಗಿಳಿದದ್ದು

ಹೆದರುವುದಕ್ಕೂ ಒಂದಿಷ್ಟು ತಯಾರಿ ಬೇಕು. ಕತ್ತಲೆಗೋ ಹಲ್ಲಿಗೋ ಹೆದರುವುದು ಯಾರಿಗಾದರೂ ಬರುತ್ತದೆ. ನನ್ನ ಹೆದರಿಕೆ ಅಂಥದ್ದಲ್ಲ, ಸರಕಾರಿ ಸಂಬಳ ತಿಂದು ಬೆಳೆದದ್ದು. ಕಲಬುರಗಿಯ ಕೋರ್ಟಿನಲ್ಲಿ ಟೈಪಿಸ್ಟ್ ಆಗಿ ಸೇರಿದವಳು ತಲೆ ನರೆಯುವವರೆಗೆ ಟೈಪ್ ಮಾಡಿದ್ದು ಬಹುಪಾಲು ಜನ ಹೇಗೆ ಸತ್ತರು ಎಂಬುದನ್ನೇ. ಸ್ಟೋವ್ ಸಿಡಿದು, ಸೆರಗು ಬೈಕಿನ ಗಾಲಿಗೆ ಸಿಕ್ಕು, ಒದ್ದೆ ಕೈಯಲ್ಲಿ ಮೋಟರಿನ ಸ್ವಿಚ್ ಒತ್ತಿ, ನೀರು ಸೇದುವಾಗ ಕಾಲು ಜಾರಿ. ಬೆರಳಿನ ತುದಿಯಿಂದ ಒಳಗಿಳಿದ ಈ ಸಾವುಗಳೆಲ್ಲ ನಿವೃತ್ತಿಯ ದಿನ ಹಾರ-ಶಾಲಿನ ಜೊತೆಗೆ ಖೂಬಾ ಪ್ಲಾಟ್ ಬಡಾವಣೆಯ ನಮ್ಮ ಮನೆಗೆ ಬಂದು ಸೇರಿಕೊಂಡವು.

ಮನೆಯಲ್ಲಿ ಕೈಗೆ ಸಿಕ್ಕವರು ನಮ್ಮ ಯಜಮಾನರೊಬ್ಬರೇ. ಅವರು ಬಲ್ಬು ಹಾಕಲು ಕುರ್ಚಿ ಹತ್ತಿದರೆ ನಾನು ಕುರ್ಚಿಯ ಕಾಲು ಹಿಡಿದು ಕೂರುತ್ತಿದ್ದೆ. ಸ್ನಾನಕ್ಕೆ ಹೋದರೆ ಬಾಗಿಲ ಹೊರಗೆ ನಿಂತು, "ಗೀಜರ್ ಬಂದ್ ಮಾಡೀರೇನು?" ಎಂದು ಕೂಗುತ್ತಿದ್ದೆ. ಉತ್ತರ ತಡವಾದರೆ ಬಾಗಿಲು ಬಡಿಯುತ್ತಿದ್ದೆ. ಒಂದು ದಿನ ಮೈತುಂಬ ಸಾಬೂನಿನ ನೊರೆಯೊಂದಿಗೆ ಟವೆಲ್ ಸುತ್ತಿಕೊಂಡು ಹೊರಬಂದು ನನ್ನನ್ನು ದಿಟ್ಟಿಸಿ ನೋಡಿದವರು, ಸ್ನಾನ ಮುಗಿಸಿ ಸೀದಾ ಪಕ್ಕದ ಮನೆಯ ಇಂದುಬಾಯಿಯ ಹತ್ತಿರ ಹೋದರು. "ವೈನಿ, ನಿಮ್ಮ ಮಹಿಳಾ ಮಂಡಳಕ್ಕ ಇಕಿನ್ನೂ ಕರಕೊಂಡು ಹೋಗ್ರಿ. ನಿಮಗ ಪುಣ್ಯಾ ಬರ್ತದ" ಎಂದು ಕೈಮುಗಿದರಂತೆ.

ಮಂಡಳ ಗುರುವಾರ ಮಧ್ಯಾಹ್ನ ಇಂದುಬಾಯಿಯ ಪಡಸಾಲೆಯಲ್ಲಿ ಸೇರುತ್ತಿತ್ತು. ಹಾಡು, ಹರಟೆ, ನಡುನಡುವೆ ಚಹಾ. ಮೊದಲ ದಿನ ನಾನು ಬಾಗಿಲ ಪಕ್ಕದಲ್ಲೇ ಕುಳಿತೆ. ಬೆಂಕಿ ಬಿದ್ದರೆ ಓಡಲು ಹಿಂಬಾಗಿಲು ಇದೆಯೇ ಎಂದು ವಿಚಾರಿಸಿದೆ. ಎಲ್ಲರೂ ನಕ್ಕರು. ಆಮೇಲೆ ಯಾರೋ, "ಯಾಕ್ರಿ, ಅಂಥಾದ್ದೇನರ ಆಗಿತ್ತೇನು?" ಎಂದರು. ಊರು-ಹೆಸರು ಬಿಟ್ಟು ಒಂದು ಕೇಸು ಹೇಳಿದೆ. ತೊಗರಿ ಬಿಡಿಸುತ್ತಿದ್ದ ಕೈಗಳು ನಿಂತವು. ಕೋರ್ಟಿನಲ್ಲಿ ಬೇರೆಯವರು ಹೇಳಿದ್ದನ್ನು ನಾನು ಬಡಿಯುತ್ತಿದ್ದೆನೇ ಹೊರತು ನಾನು ಹೇಳುವುದನ್ನು ಯಾರೂ ಕೇಳಿದವರಲ್ಲ. ಇಲ್ಲಿ ಮುಂದಿನ ಗುರುವಾರ ಚಪ್ಪಲಿ ಬಿಡುವ ಮೊದಲೇ, "ಮಾಲತಿ ವೈನಿ, ಇವತ್ತ ಯಾವ ಕೇಸು?" ಎಂಬ ಸ್ವಾಗತ. ಅವರೆಲ್ಲ ಮನೆಗೆ ಹೋಗಿ ಎರಡೆರಡು ಸಲ ಗ್ಯಾಸ್ ನೋಡುತ್ತಾರೆಂದು ತಿಳಿದ ಮೇಲಂತೂ ನನ್ನ ಜನ್ಮ ಸಾರ್ಥಕವಾಯಿತು ಅನಿಸಿತು.

ಈ ಸುಖ ಬೇಸಿಗೆಯವರೆಗೆ ನಡೆಯಿತು. ಮಂಡಳದ ನಾಗಮ್ಮ ಹತ್ತಿರದ ಕಮಲಾಪುರದ ಒಕ್ಕಲುತನದ ಮನೆಯವಳು. "ನಮ್ಮ ಹೊಲಕ್ಕ ಬರ್ರಿ. ಕೆಂಪು ಬಾಳೆಹಣ್ಣ ತಿನ್ನೋಣು, ಬಾವ್ಯಾಗ ಈಸೋಣು" ಎಂದಳು. ಬಾವಿ ಎಂದೊಡನೆ ನೆನಪಿದ್ದ ಬಾವಿ ಕೇಸುಗಳನ್ನೆಲ್ಲ ಒಂದಾದ ಮೇಲೊಂದು ಹೇಳಿದೆ. ಇಂದುಬಾಯಿ ಮಾತ್ರ, "ನೀವು ದಂಡಿ ಮ್ಯಾಲೆ ಕೂಡ್ರಿ. ನಮ್ಮ ಬಂಗಾರದ ಬಳಿ, ಸರ ಕಾಯಲಿಕ್ಕೆ ಒಬ್ಬರು ಬೇಕಲ್ಲ" ಎಂದಳು. ಬರುವುದಿಲ್ಲ ಎನ್ನಬಹುದಿತ್ತು. ಆದರೆ ಅವರೆಲ್ಲ ಅಲ್ಲಿ ಮುಳುಗುವಾಗ ನಾನು ಇಲ್ಲಿ ಖೂಬಾ ಪ್ಲಾಟಿನಲ್ಲಿ ಒಬ್ಬಳೇ ಕೂತಿರುವುದು ಇನ್ನೂ ಭಯಂಕರವಾಗಿ ಕಂಡಿತು.

ಬಾವಿ ಚೌಕವಾಗಿತ್ತು, ಕಲ್ಲಿನ ಮೆಟ್ಟಿಲು, ತಳ ಕಾಣದ ಹಸಿರು ನೀರು. ನೈಟಿಯ ಮೇಲೆ ಸೊಂಟಕ್ಕೆ ಖಾಲಿ ಎಣ್ಣೆ ಡಬ್ಬಿ ಕಟ್ಟಿಕೊಂಡು ಒಬ್ಬೊಬ್ಬರೇ ಇಳಿದರು. ಈಸು ಬರುತ್ತಿದ್ದದ್ದು ನಾಗಮ್ಮನಿಗೆ ಮಾತ್ರ. ಸ್ವಲ್ಪ ಹೊತ್ತು ಎಲ್ಲರನ್ನೂ ಆಡಿಸಿ, ಹಣ್ಣು ತರಲೆಂದು ಅವಳು ತೋಟದೊಳಗೆ ಹೋದಳು. ನಾನು ಮೇಲಿನ ಮೆಟ್ಟಿಲಲ್ಲಿ ಕೈಚೀಲ ಅಪ್ಪಿಕೊಂಡು, "ಅಲ್ಲಿ ಹೋಗಬ್ಯಾಡ್ರಿ! ಪಾಚಿ ಅದ!" ಎಂದು ಕೂಗುತ್ತಿದ್ದೆ. ಅಷ್ಟರಲ್ಲಿ ಇಂದುಬಾಯಿಯ ಹಗ್ಗ ಸಡಿಲಾಯಿತು. ಡಬ್ಬಿ ಪುಟಕ್ಕನೆ ಹೊರಬಂದು ತನ್ನ ಪಾಡಿಗೆ ತಾನು ತೇಲಿಹೋಯಿತು. ಇಂದುಬಾಯಿ ಬಾಯಿ ತೆರೆದಳು, ದನಿ ಬರಲಿಲ್ಲ. ಮರುಕ್ಷಣ ಅವಳ ತುರುಬೂ ಕಾಣಲಿಲ್ಲ. ಉಳಿದವರು ತಮ್ಮ ತಮ್ಮ ಡಬ್ಬಿ ಅವಚಿಕೊಂಡು ಚೀರುತ್ತಿದ್ದರು.

ನಾನು ಹೇಗೆ ಇಳಿದೆನೋ ಗೊತ್ತಿಲ್ಲ. ಕಾಲಡಿಯ ಪಾಚಿ, ಎದೆಮಟ್ಟದ ತಣ್ಣನೆಯ ನೀರು, ಇಷ್ಟು ನೆನಪಿದೆ. ಸೆರಗು ಎಸೆದೆ, ಮುಟ್ಟಲಿಲ್ಲ. ನಿರಿಗೆ ಕಿತ್ತು ಪೂರಾ ಸೀರೆಯನ್ನೇ ಎಸೆದೆ. ನೀರೊಳಗಿಂದ ಒಂದು ಕೈ ಬಂದು ಅದನ್ನು ಹಿಡಿದು ಎಷ್ಟು ಜೋರಾಗಿ ಎಳೆಯಿತೆಂದರೆ, ಗೋಡೆಯ ಕಲ್ಲೊಂದು ಕೈಗೆ ಸಿಗದಿದ್ದರೆ ನಾನೂ ಹೋಗುತ್ತಿದ್ದೆ. "ನಾಗಮ್ಮಾ!" ಎಂದು ಕಿರುಚಿದೆ. ಅವಳು ಹಣ್ಣಿನ ಗೊನೆ ಬಿಸುಟು ಮೇಲಿಂದಲೇ ಧುಮುಕಿ, ಇಂದುಬಾಯಿಯನ್ನು ಬೆನ್ನಿಗೆ ಕೈಕೊಟ್ಟು ಮೆಟ್ಟಿಲಿಗೆ ನೂಕಿದಳು.

ಇಂದುಬಾಯಿ ಕೆಮ್ಮಿ, ನೀರು ಕಾರಿ, ಆಮೇಲೆ ಅತ್ತಳು. ನನ್ನ ಮಣಿಕಟ್ಟು ಹಿಡಿದು, "ವೈನಿ, ನೀವು ಇಳದ್ರಲ್ಲಾ..." ಎಂದಷ್ಟೇ ಅಂದಳು. ಲಂಗ-ಕುಪ್ಪಸದಲ್ಲಿ ನಿಂತು ನಡುಗುತ್ತಿದ್ದ ನನ್ನನ್ನು ನಾಗಮ್ಮ ನೋಡಿದಳು. "ಹೆಂಗೂ ತೊಯ್ದೀರಿ ಅಕ್ಕಾ. ಬರ್ರಿ, ಒಂದೀಟು ತೇಲ್ರಿ. ಈ ಅಂಜಿಕಿ ಹಂಗೇ ಮನಿಗಿ ಒಯ್ದ್ರ, ಮುಂದ ಎಂದೂ ಇಳಿಯಂಗಿಲ್ಲ."

ಬೇಡ ಬೇಡ ಎನ್ನುತ್ತಲೇ ಮತ್ತೆ ಒಂದೊಂದೇ ಮೆಟ್ಟಿಲು ಇಳಿದೆ. ಅವಳ ಅಂಗೈ ಮೇಲೆ ಅಂಗಾತ ಮಲಗಿ, "ಬಿಡಬ್ಯಾಡ್ರಿ, ಬಿಡಬ್ಯಾಡ್ರಿ" ಎಂದು ಜಪಿಸಿದೆ. ಕಿವಿ ಮುಳುಗಿ ಜಗತ್ತು ಸುಮ್ಮನಾಯಿತು. ಮೇಲೆ ಚೌಕ ಆಕಾಶ, ಅದರಲ್ಲೊಂದು ಹದ್ದು. "ಹಿಡಿದೀರೇನು?" ಎಂದೆ. ಮೆಟ್ಟಿಲ ಮೇಲಿಂದ ಇಂದುಬಾಯಿಯ ಒಡೆದ ದನಿ ಎಲ್ಲೋ ದೂರದಿಂದೆಂಬಂತೆ ಕೇಳಿತು: "ಆಕಿ ಕೈ ಬಿಟ್ಟು ಯಾವಾಗೋ ಆತು!" ಕೇಳಿದ್ದೇ ತಡ, ಗುಳುಕ್ಕನೆ ಮುಳುಗಿ ಒಂದು ಬೊಗಸೆ ನೀರು ಕುಡಿದೆ.

ಬಸ್ಸಿನಲ್ಲಿ ಕಲಬುರಗಿ ಮುಟ್ಟುವವರೆಗೂ ಇಂದುಬಾಯಿ ನನ್ನ ಮಣಿಕಟ್ಟು ಬಿಡಲಿಲ್ಲ. ಬಿಡಿ ಎಂದು ನಾನೂ ಹೇಳಲಿಲ್ಲ.

ಮನೆಯಲ್ಲಿ ಇವರು, "ಸೀರಿ ಯಾಕ ತೊಯ್ದದ?" ಎಂದು ಕೇಳಿದರು. "ಬಾಳೆಹಣ್ಣ ತೊಳಿಯೋವಾಗ ನೀರು ಚೆಲ್ತು" ಎಂದೆ. ಮುಂದಿನ ತಿಂಗಳು ಮತ್ತೆ ಹೋಗುವುದಿದೆ. ಹೊಸ ಹಗ್ಗಕ್ಕೂ ಹೇಳಿಯಾಗಿದೆ. ನಿಜ ಹೇಳಿದರೆ ಇವರು ಕಳಿಸುತ್ತಾರೆಯೇ? ಒಳ್ಳೆಯ ಮನುಷ್ಯರು, ಇಲ್ಲವೆನ್ನುವುದಿಲ್ಲ. ಆದರೆ ಸಣ್ಣಸಣ್ಣದಕ್ಕೆಲ್ಲ ಹೆದರುವ ಗಂಡನನ್ನು ಕಟ್ಟಿಕೊಂಡವರ ಕಷ್ಟ ಯಾರಿಗೆ ಹೇಳಲಿ!