ಒಂಬತ್ತು ಬಾಸ್‌ಗಳ ಒಡೆಯ

“ಇನ್ನು ಅಂಗಡಿಯ ಬಾಸ್ ಗಿಟಾರ್ ಮುಟ್ಟಿದರೆ ನನ್ನ ಹೆಸರು ಕಿಟ್‌ಬೋಕ್ ಅಲ್ಲ! ಬಿಡಿಭಾಗ ತಂದು ನಾನೇ ಕೂಡಿಸ್ತೀನಿ. ಶಿಲ್ಲಾಂಗಿನ ಗುಡ್ಡ ನಡುಗಬೇಕು, ಅಂಥ ನಾದ!”

ಹೀಗೆಂದು ಬಾಹ್ ಕಿಟ್‌ಬೋಕ್, ಅಂದರೆ ಕಿಟ್‌ಬೋಕಣ್ಣ, ಅನ್ನದ ತಟ್ಟೆಯ ಮುಂದೆ ಭೀಷಣ ಪ್ರತಿಜ್ಞೆ ಮಾಡಿದ. ಗುಡ್ಡ ನಡುಗಲಿಲ್ಲ, ಹೆಂಡತಿ ದಾರಿಶಾ ನಡುಗಿದಳು. ಮನೆ ಅವಳದು, ಖಾಸಿಗಳ ಪದ್ಧತಿಯಂತೆ ಕಿರಿಮಗಳೆಂದು ತಾಯಿ ಕೊಟ್ಟದ್ದು. ಅದರಲ್ಲಿ ಗಂಡನದೆಂದು ಇದ್ದದ್ದು ಒಂದು ಗೂಟ, ಗೂಟಕ್ಕೊಂದು ಕೋಟು. ಪ್ರತಿಜ್ಞೆಯಾದ ಮೇಲೆ ಇಡೀ ಮನೆಯೇ ಅವನದಾಯಿತು! ಬಟ್ಟೆಯ ಕಪಾಟಿನಲ್ಲಿ ಗಿಟಾರಿನ ಒಡಲುಗಳು ಮಲಗಿದವು. ಅಕ್ಕಿ ಡಬ್ಬಿಯಲ್ಲಿ ಸ್ಕ್ರೂಗಳು ಸಿಕ್ಕವು. ಒಲೆಯ ಮೇಲೆ ಹಂದಿಮಾಂಸ ಹೊಗೆಗೆ ಕಟ್ಟುವ ಜಾಗದಲ್ಲಿ, ಮರ ಚೆನ್ನಾಗಿ ಒಣಗಲೆಂದು ಗಿಟಾರಿನ ಕತ್ತೊಂದು ನೇತಾಡಿತು. ಅದನ್ನು ಅತ್ತೆ ಇಳಿಸಿ, ಮುರಿದು, ಚಹಾಕ್ಕೆ ನೀರು ಕಾಯಿಸಿದರು.

“ಒಳ್ಳೇ ಸೌದೆ ಕಣಪ್ಪಾ ಅಳಿಯ. ಇನ್ನೊಂದಿದ್ರೆ ಕೊಡು,” ಎಂದರು.

ಹೀಗೆ ಒಂಬತ್ತು ಬಾಸ್‌ಗಳಾದವು. ಆದರೆ ಒಂದೂ ಪೂರ್ತಿಯಲ್ಲ! ಕೆಂಪಿಗೆ ಒಳ್ಳೆಯ ಕತ್ತು ಬೇಕೆನಿಸಿದರೆ ಕಪ್ಪಿನದನ್ನು ಬಿಚ್ಚುವುದು, ಕಪ್ಪಿಗೆ ತಂತಿ ಬಿಗಿಯುವ ಬಿರಟೆ ಬೇಕಾದರೆ ನೀಲಿಯದನ್ನು ಕೀಳುವುದು. ಇವರ ಟೋಪಿ ಅವರಿಗೆ, ಅವರ ಟೋಪಿ ಇವರಿಗೆ. ಕೊನೆಗೆ ಎಲ್ಲರೂ ಬೋಳುತಲೆ.

ಇದನ್ನು ಕಂಡು ಕೊರಗಿದವನು ಸ್ಕೆಮ್. ಹದಿಹರೆಯದಿಂದ ಇವನ ಬೆನ್ನ ಹಿಂದೆಯೇ ಕೂತು ಡ್ರಮ್ ಬಾರಿಸಿದ ಗೆಳೆಯ. ಕಿಟ್‌ಬೋಕ್ ತಾಳ ತಪ್ಪಿದರೆ ಡ್ರಮ್ ಕಡ್ಡಿಯಿಂದ ಬೆನ್ನಿಗೊಂದು ಬಿಡುವುದು ಅವನ ಪದ್ಧತಿ. ಆ ಬೆನ್ನಿಗೆ ಸಿಕ್ಕಷ್ಟು ತಾಳ ಊರಿನ ಯಾವ ಡ್ರಮ್ಮಿಗೂ ಸಿಕ್ಕಿರಲಿಲ್ಲ!

“ಒಂದಾದ್ರೂ ಮುಗಿಸೋ ಮಾರಾಯ. ಕೂತು ಬಾರಿಸೋಣ.”

“ಮುಂದಿನ ಭಾನುವಾರ ಕಣೋ. ಈ ಕತ್ತು ಇನ್ನೂ ಸರಿಯಾಗಿ ಕೂತಿಲ್ಲ.”

“ನನ್ನ ಕತ್ತು ನೆಟ್ಟಗಿರೋವಾಗಲೇ ಮುಗಿಸೋ!”

ಭಾನುವಾರಗಳು ಕಳೆದವು. ಒಂದು ಬೆಳಗ್ಗೆ ಸ್ಕೆಮ್‌ನ ಹೃದಯ ನಿಂತಿತು. ಜೀವಮಾನದಲ್ಲಿ ತಾಳ ತಪ್ಪದವನ ಹೃದಯ! ಸುದ್ದಿ ಬಂದಾಗ ಕಿಟ್‌ಬೋಕ್ ನೀಲಿ ಬಾಸ್‌ನ ಬಿರಟೆ ಬಿಚ್ಚುತ್ತಿದ್ದ.

ಸ್ಕೆಮ್‌ನ ಹೆಂಡತಿ ಥೆಲ್ಮಾ ಅತ್ತೂ ಅತ್ತೂ ಒಂದೇ ಮಾತು ಹೇಳಿದಳು. “ಬಾಹ್, ನಾಳೆ ಮಣ್ಣಿಗೆ ಕೊಡೋ ಮೊದಲು ನೀವೇ ಬಾರಿಸಬೇಕು. ಅವರು ನಿಮ್ಮ ಬಾಸ್‌ಗೆ ಕಾಯ್ತಾನೇ ಇದ್ರು.”

ಒಂಬತ್ತು ಬಾಸ್‌ಗಳ ಒಡೆಯ ಬರಿಗೈಯಲ್ಲಿ ಮನೆಗೆ ಬಂದ.

“ಯಾರದಾದ್ರೂ ಎರವಲು ತಗೋ,” ಎಂದಳು ದಾರಿಶಾ.

“ಸ್ಕೆಮ್‌ಗೆ ಎರವಲು ಬಾಸಾ? ನಾಲಿಗೆಗೆ ಮೂಳೆ ಇಲ್ಲ ಅಂತ ಏನು ಬೇಕಾದ್ರೂ ಅನ್ನಬೇಡ!”

ಒಂಬತ್ತನ್ನೂ ನೆಲದ ಮೇಲೆ ಹರವಿದ. ಅಳುತ್ತ ಬಿಚ್ಚಿದ, ಮೂಗು ಒರೆಸುತ್ತ ಬಿಗಿದ. ವರ್ಷಗಳಿಂದ ಆಗದ ಕೆಲಸ ಅಂದು ಕತ್ತಲಾಗುವುದರೊಳಗೆ ಮುಗಿಯಿತು, ಒಂಬತ್ತರಿಂದ ಒಂದು ಬಾಸ್ ಪೂರ್ತಿಯಾಯಿತು. ಬಾಸ್‌ನಿಂದ ಸ್ಪೀಕರ್ ಪೆಟ್ಟಿಗೆಗೆ ವೈರು ಚುಚ್ಚಿ ಮೀಟಿದರೆ ಕಪಾಟಿನ ಗಾಜು ಗುಂಯ್ ಎಂದಿತು! ಇಷ್ಟು ಸುಲಭವಿತ್ತೇ ಎಂದು ಅವನಿಗೆ ಇನ್ನಷ್ಟು ಅಳು ಬಂತು. ಬೆಳಗ್ಗೆ ಏನೂ ಹೆಚ್ಚುಕಡಿಮೆಯಾಗಬಾರದೆಂದು ಎಲ್ಲವನ್ನೂ ಹಾಗೆಯೇ ಬಿಟ್ಟು ಮಲಗಿದ.

ಹಾಗೆಯೇ ಎಂದರೆ, ವೈರು ಚುಚ್ಚಿದ ಹಾಗೆಯೇ! ಇಂಥ ಬಾಸ್‌ನ ಹೊಟ್ಟೆಯಲ್ಲೊಂದು ಪುಟ್ಟ ಬ್ಯಾಟರಿ ಇರುತ್ತದೆ. ವೈರು ಚುಚ್ಚಿದ್ದಷ್ಟು ಹೊತ್ತೂ ಅದು ಸುಮ್ಮನೆ ಖರ್ಚಾಗುತ್ತಿರುತ್ತದೆ. ‘ಬಾರಿಸಿದ ಮೇಲೆ ವೈರು ಕೀಳ್ರೋ’ ಎಂದು ಊರಿನ ಹುಡುಗರಿಗೆಲ್ಲ ಉಪದೇಶ ಮಾಡುತ್ತಿದ್ದ ಮಹಾನುಭಾವ ಇವನೇ.

ಮರುದಿನ ಸ್ಕೆಮ್‌ನ ಮನೆಯಲ್ಲಿ ಜನವೋ ಜನ. ಶವಪೆಟ್ಟಿಗೆಗೆ ಬೆನ್ನು ಮಾಡಿ ಕಿಟ್‌ಬೋಕ್ ನಿಂತ. ಹಾಡುವವರು ದನಿ ಎತ್ತಿದರು. ಇವನು ತಂತಿ ಮೀಟಿದ. ಪಿಟಕ್ಕೆನ್ನಲಿಲ್ಲ! ಗುಂಡಿ ತಿರುಗಿಸಿದ. ಇಲ್ಲ. ಬ್ಯಾಟರಿ ಸ್ಕೆಮ್‌ನ ದಾರಿ ಹಿಡಿದಿತ್ತು. ಹಾಡು ನಿಲ್ಲಿಸುವಂತಿಲ್ಲ, ಬಿಟ್ಟು ಹೋಗುವಂತಿಲ್ಲ. ಕಣ್ಣು ಮುಚ್ಚಿ, ಕೊನೆಯವರೆಗೂ ಬೆರಳಾಡಿಸಿದ. ಬೆನ್ನು ಮಾತ್ರ ಕಡ್ಡಿಯ ಏಟಿಗೆ ಕಾಯುತ್ತಲೇ ಇತ್ತು.

ಹಾಡು ಮುಗಿದಾಗ ಪಾದ್ರಿಗಳು ಕೈ ಕುಲುಕಿದರು. “ಎಂಥ ಗಂಭೀರ ನಾದ!”

ಥೆಲ್ಮಾ ಕೈ ಹಿಡಿದು ಬಿಕ್ಕಿದಳು. “ಅವರು ಕೇಳಿದ್ರೆ ಎಷ್ಟು ಖುಷಿಪಡ್ತಿದ್ರು ಬಾಹ್!”

ಅಷ್ಟು ಜನರಲ್ಲಿ ಒಬ್ಬರಿಗೂ ಗೊತ್ತಾಗಿರಲಿಲ್ಲ. ಗೊತ್ತಾಗುತ್ತಿದ್ದವನು ಪೆಟ್ಟಿಗೆಯಲ್ಲಿ ಮಲಗಿದ್ದ. ಮೆಚ್ಚಿದವರ ಮುಂದೆ ತಲೆಯಾಡಿಸುತ್ತ ನಿಂತ ಕಿಟ್‌ಬೋಕ್‌ಗೆ ತನ್ನಂಥ ಒಂಟಿ ಈ ಗುಡ್ಡಗಳಲ್ಲೇ ಇಲ್ಲವೆನಿಸಿತು.

ಮಣ್ಣು ಮುಗಿಸಿ ಮನೆಯ ಏರು ಹತ್ತುವಾಗ ದಾರಿಶಾ ಎಲೆ ಅಡಕೆ ಅಗಿಯುತ್ತ ಹಿಂದೆ ಬರುತ್ತಿದ್ದಳು.

“ಶಬ್ದ ಬರಲಿಲ್ಲ, ಅಲ್ವಾ?”

ಅವನು ಗಕ್ಕನೆ ನಿಂತ. “ನಿನಗೆ ಹೇಗೆ ಗೊತ್ತಾಯ್ತು?”

“ಇಷ್ಟು ವರ್ಷದಲ್ಲಿ ಮೊದಲನೇ ಸಲ ಒಂದೂ ತಪ್ಪು ಕೇಳಿಸಲಿಲ್ಲ!”

ಅವನಿಗೆ ನಗು ಬಂತು. ನಗು ಅರ್ಧ ದಾರಿಗೆ ಅಳುವಾಯಿತು. ಅಷ್ಟರಲ್ಲಿ ಬೆನ್ನಿಗೆ ಟಪ್ಪೆಂದು ಏಟು ಬಿತ್ತು! ತಿರುಗಿ ನೋಡಿದರೆ ದಾರಿಶಾಳ ಕೈಯಲ್ಲಿ ಸ್ಕೆಮ್‌ನ ಡ್ರಮ್ ಕಡ್ಡಿ.

“ಥೆಲ್ಮಾ ಕೊಟ್ಟಳು, ನೆನಪಿಗೆ ಇಟ್ಕೊಳ್ಳಿ ಅಂತ,” ಎಂದಳು. “ಇದು ಅವನ ಲೆಕ್ಕದ್ದು.”

ಒಂಬತ್ತು ಬಾಸ್‌ಗಳ ಒಡೆಯ ಕಣ್ಣೊರೆಸಿಕೊಂಡು ಮತ್ತೆ ಬೆನ್ನು ಕೊಟ್ಟು ನಿಂತ.

“ಇನ್ನೊಂದು ಹಾಕು.”