ಚನ್ನವೀರಪ್ಪನ ಹಿಮ್ಮೆಟ್ಟದ ವ್ಯಾನು

ಎಲೈ ಡೀಸೆಲ್‌ಧೂಮದ ಅಧಿದೇವತೆಯೇ, ಎಲೈ ಘಟ್ಟದ ತಿರುವುಗಳ ತಾಯಿಯೇ, ಪಂಕ್ಚರಾದಾಗಲಷ್ಟೇ ಭಕ್ತರಿಗೆ ನೆನಪಾಗುವ ಸ್ಟೆಪ್ನಿಯ ಒಡೆಯನೇ, ನಿಮಗೆ ಕೈಮುಗಿದೆ. ರಸ್ತೆಯಲ್ಲಿ ಗುಂಡಿಯೋ ಗುಂಡಿಯಲ್ಲಿ ರಸ್ತೆಯೋ ಎಂದು ತಿಳಿಯದ ಈ ಯುಗದಲ್ಲಿ, ಗದಗಿನ ಚನ್ನವೀರಪ್ಪನೆಂಬ ನಿವೃತ್ತ ಬಸ್ ಚಾಲಕನು, ಸಾರಥಿಕುಲತಿಲಕನು, ಹಾರ್ನ್‌ನಾದಪ್ರಳಯಭೈರವನು, ಕಡಲಲ್ಲಿ ಸೂರ್ಯ ಮುಳುಗುವುದನ್ನು ಹೆಂಡತಿಗೆ ತೋರಿಸಲು ಹೊರಟ ಕಥೆಯನ್ನು ಕೇಳಿರಿ.

ಅವನ ರಥವು ಸಾಮಾನ್ಯದ್ದಲ್ಲ. ಗೋಕರ್ಣದಲ್ಲಿ ಹಿಪ್ಪಿಯೊಬ್ಬ ಬಿಟ್ಟುಹೋಗಿ, ಗ್ಯಾರೇಜಿನ ಮೂಲೆಯಲ್ಲಿ ಕೋಳಿಗಳಿಗೆ ಬಾಣಂತನದ ಮನೆಯಾಗಿ, ಕಡೆಗೆ ಚನ್ನವೀರಪ್ಪನ ಕೈಸೇರಿದ ಮುದಿ ವ್ಯಾನು. ಒಳಗೆ ಮಂಚ, ಒಲೆ, ಹೂಬಳ್ಳಿಯ ಪರದೆ, ಹೊರಗೆ ತುಕ್ಕು. ಏರಿನಲ್ಲಿ ಆಮೆ, ಇಳಿಜಾರಿನಲ್ಲಿ ಅನಾಹುತ. ಆ ಸಕಲಕೀಲಕಿರಿಕಿರಿಘೋಷಭೂಷಿತ ಶಕಟದಲ್ಲಿ ಊರೂರು ತಿರುಗಿ ಅವನು ಬಾಳಿನ ಪಾಠಗಳನ್ನು ಕಲಿತಿದ್ದ. "ಗಾಡಿ ನಿಲ್ಸೂಕಿಂತ ಮೊದಲ ಇಳಿಜಾರು ನೋಡ್ಬೇಕು, ಬಾಯಿ ತೆಗಿಯೂಕಿಂತ ಮೊದಲ ಹೇಣ್ತಿ ಮಾರಿ ನೋಡ್ಬೇಕು" ಎಂದು ಕಂಡಕಂಡವರಿಗೆ ಬೋಧಿಸುತ್ತಿದ್ದ. ಮೊದಲನೆಯದನ್ನು ತಪ್ಪದೆ ಪಾಲಿಸುತ್ತಲೂ ಇದ್ದ.

ಹೆಂಡತಿ ನೀಲವ್ವ ಸಮುದ್ರ ಕಂಡವಳಲ್ಲ. ಲಕ್ಷಾಂತರ ಜನರನ್ನು ಕಾರವಾರಕ್ಕೆ ಮುಟ್ಟಿಸಿದ ಗಂಡನು ಅವಳೊಬ್ಬಳನ್ನು ಮಾತ್ರ ಕರೆದೊಯ್ದಿರಲಿಲ್ಲ. ಆ ಮುಳ್ಳು ಅವನ ಎದೆಯಲ್ಲಿತ್ತು. ಇಂದು ಅವಳ ಪಕ್ಕದಲ್ಲಿ ನಿಂತು, ಬೆರಳು ಚಾಚಿ, "ನೋಡು" ಎನ್ನಬೇಕೆಂದು ಪಣ ತೊಟ್ಟಿದ್ದ.

ಸೂರ್ಯನು ಪಡುವಣಕ್ಕೆ ವಾಲುತ್ತಿದ್ದಂತೆ, ಅಂಕೋಲೆಯ ಕಡೆಯ ಹಳ್ಳಿಯೊಂದರಲ್ಲಿ, ಒಂದೇ ಬಂಡಿಯಗಲದ ಕಿರುಸೇತುವೆಯ ನಡುಮಧ್ಯದಲ್ಲಿ, ಅವನ ರಥಕ್ಕೆ ಎದುರಾಗಿ ಕೆಂಪು ಟ್ರ್ಯಾಕ್ಟರೊಂದು ಬಂದು ನಿಂತಿತು. ಮೇಲೆ ಕುಳಿತವನು ಹೊನ್ನಪ್ಪ ನಾಯ್ಕ, ಆ ಊರಿನ ಗದ್ದೆಗಳ ಚಕ್ರವರ್ತಿ, ಕೆಸರುಮರ್ದನ, ಎಲೆಯಡಿಕೆಯಿಂದ ಸದಾ ರಕ್ತವದನ.

"ಹಿಂದ ತಗೋಳೋ ತಮ್ಮಾ!" ಎಂದು ಗುಡುಗಿದ ಚನ್ನವೀರಪ್ಪ. "ಅರಬೈಲ್ ಘಟ್ಟದಾಗ ಲಾರಿಗೋಳು ನನ್ನ ಹಾರ್ನ್ ಕೇಳಿ ಗಟಾರಕ್ಕ ಇಳೀತಿದ್ದವು. ಈ ಕೈ ಮುಂದಿನ ಗೇರ್ ಬಿಟ್ಟು ಬ್ಯಾರೆ ಗೇರ್ ಅರೀದು!"

ಇದು ಅಂದಿನ ಮಟ್ಟಿಗೆ ಅಕ್ಷರಶಃ ನಿಜ. ವ್ಯಾನಿನ ರಿವರ್ಸ್ ಗೇರು ಬೆಳಿಗ್ಗೆ ಅದೇ ಘಟ್ಟದಲ್ಲಿ ಸ್ವರ್ಗಸ್ಥವಾಗಿತ್ತು. ನೀಲವ್ವನಿಗೆ ಹೇಳಿರಲಿಲ್ಲ.

"ಎಂತ ಮಾರಾಯ್ರೆ, ಸಂಕ ಮೊದ್ಲು ಹತ್ತಿದ್ದು ನಾನು" ಎಂದ ಹೊನ್ನಪ್ಪ, ಎಲೆಯಡಿಕೆಯನ್ನು ಒಂದು ಕೆನ್ನೆಯಿಂದ ಇನ್ನೊಂದಕ್ಕೆ ಸಾಗಿಸಿ. "ನಮ್ಮಪ್ಪ ಇದೇ ಸಂಕದ ಮೇಲೆ ಎಮ್ಮೆಗೂ ದಾರಿ ಬಿಟ್ಟವ ಅಲ್ಲ. ನಿಮ್ಮ ಕೋಳಿಗೂಡಿಗೆ ನಾ ಬಿಡೂದಾ?"

"ಕೋಳಿಗೂಡಾ?" ಚನ್ನವೀರಪ್ಪನ ಮೀಸೆ ಕುಣಿಯಿತು, ಮಾತು ಇತಿಹಾಸಕ್ಕೆ ಅಷ್ಟು ಹತ್ತಿರವಾಗಿತ್ತು.

ಹೀಗೆ ವೀರರಿಬ್ಬರೂ ವಂಶಾವಳಿ ಹೇಳುತ್ತಿರಲು, ನೀಲವ್ವ ಬಾಗಿಲು ತೆರೆದು ಇಳಿದಳು. "ನಿಮ್ಮ ಕಾಳಗ ಮುಗಿಯೂತನಾ ಸೂರ್ಯ ಕುಂದ್ರತಾನೇನು? ನಾ ಬರ್ತೀನಿ!" ಎಂದು ಸಿಟ್ಟಿನಿಂದ ವ್ಯಾನಿನ ತಗಡಿಗೆ ಅಂಗೈಯಿಂದ ಎರಡು ಏಟು ಬಡಿದು, ಟ್ರ್ಯಾಕ್ಟರಿನ ಪಕ್ಕದಲ್ಲಿ ನುಸುಳಿ ನಡೆದುಬಿಟ್ಟಳು.

ಅಯ್ಯೋ, ಆ ಎರಡು ಏಟು! ಬಸ್ಸಿನ ತಗಡಿಗೆ ಕಂಡಕ್ಟರ್ ಎರಡು ಸಲ ಬಡಿದರೆ "ರೈಟ್" ಎಂದರ್ಥ. ರೈಟ್ ಎಂದರೆ ಹೊರಡು ಎಂದರ್ಥ. ಒಂದು ಜನ್ಮವೆಲ್ಲ ಆ ಸದ್ದಿಗೇ ಪಳಗಿದ ಕಾಲು ಚನ್ನವೀರಪ್ಪನನ್ನು ಕೇಳದೆ ಕ್ಲಚ್ ಬಿಟ್ಟಿತು. ವ್ಯಾನು ಮುನ್ನುಗ್ಗಿತು. ಢಣಾರ್! ಅದರ ಬಂಪರು ಟ್ರ್ಯಾಕ್ಟರಿನ ಮೂತಿಗೆ ಸಿಕ್ಕಿ, ಕೋಡು ಹೆಣೆದ ಟಗರುಗಳಂತೆ ಎರಡೂ ಬಿಗಿದುಕೊಂಡವು.

ಇಬ್ಬರೂ ಇಳಿದರು. ಒದ್ದರು. ಎತ್ತಿದರು. ಬಂಪರು ಬಿಡಲಿಲ್ಲ.

"ಇನ್ನ ನೀವೇ ಹಿಂದೆ ತಗೊಳ್ಳಿ, ನಾನೂ ಒಟ್ಟಿಗೆ ಬರ್ತೆ" ಎಂದ ಹೊನ್ನಪ್ಪ.

ಚನ್ನವೀರಪ್ಪ ಸುತ್ತ ನೋಡಿದ. ನೀಲವ್ವ ಇರಲಿಲ್ಲ. ದನಿ ಇಳಿಸಿ, "ರಿವರ್ಸ್ ಇಲ್ಲಪಾ" ಎಂದ. "ಹೇಣ್ತಿಗೆ ಹೇಳಬ್ಯಾಡ."

ಹೊನ್ನಪ್ಪ ಅವನ ಮುಖವನ್ನು ನೋಡಿದ. ಎಲೆಯಡಿಕೆ ಉಗಿದ. "ಅದನ್ನ ಮೊದ್ಲೇ ಹೇಳೂಕೆ ಏನಾಗಿತ್ತು?" ಎನ್ನುತ್ತ ಟ್ರ್ಯಾಕ್ಟರ್ ಏರಿದ.

ಆಗ ನಡೆಯಿತು ಆ ಮಹಾವಿಜಯ. ಟ್ರ್ಯಾಕ್ಟರು ಇಂಚಿಂಚಾಗಿ ಹಿಂದೆ ಸರಿಯಿತು. ಅದರ ಮೂಗಿಗೆ ಜೋತುಬಿದ್ದ ವ್ಯಾನು, ತಂಬಿಗೆ ಪಾತ್ರೆಗಳ ರಣವಾದ್ಯದೊಂದಿಗೆ, ಮುಂದುಮುಂದಕ್ಕೆ ಸಾಗಿ ಸೇತುವೆ ದಾಟಿತು. ಕೊನೆಯ ಕುಲುಕಿಗೆ ಬಂಪರು ತಾನೇ ಕಳಚಿ ನೆಲಕ್ಕೆ ಬಿತ್ತು.

"ನೋಡಿದೇನು? ನಾ ಹಿಂದ ಸರೀಲಿಲ್ಲ" ಎಂದ ಚನ್ನವೀರಪ್ಪ.

"ನಾನೂ ಸರೀಲಿಲ್ಲ. ನಿಮ್ಮನ್ನ ಎಳ್ಕೊಂಡು ಬಂದೆ" ಎಂದ ಹೊನ್ನಪ್ಪ.

ಇಬ್ಬರಿಗೂ ಅದು ಒಪ್ಪಿಗೆಯಾಯಿತು.

ವಿಜಯಿಯಾದ ಸಾರಥಿಯು ಬಂಪರನ್ನು ಬಗಲಲ್ಲಿಟ್ಟುಕೊಂಡು ಹೆಂಡತಿಯನ್ನು ಅರಸುತ್ತಿರಲು, ರಸ್ತೆಯ ಪಕ್ಕದ ಗಾಳಿಮರಗಳ ನಡುವಿನಿಂದ ಅವಳು ಬಂದಳು. ಸೀರೆಯಂಚು ಒದ್ದೆ. ಪಾದದ ತುಂಬ ಮರಳು.

"ಎಲ್ಲಿ ಹೋಗಿದ್ದೀ? ಲಗೂನ ಹತ್ತು, ಸೂರ್ಯ ಮುಳಗತಾನ!"

"ಮುಳಗಿದ."

"ಯಾವಾಗ?"

"ನೀವು ಒದರ್ಯಾಡತಿದ್ರಲ್ಲ, ಆವಾಗ. ಸಮುದ್ರ ಈ ಗಿಡದ ಹಿಂದನ ಐತಿ."

ಚನ್ನವೀರಪ್ಪ ಬಂಪರನ್ನು ಮೆಲ್ಲಗೆ ಕೆಳಗಿಟ್ಟ. ಕಾರವಾರದಲ್ಲಿ ಜನರನ್ನು ಇಳಿಸಿದ ಕೂಡಲೇ ಬಸ್ಸು ತಿರುಗಿಸಿ ಹೊರಡಬೇಕಿತ್ತು. ಅಷ್ಟು ವರ್ಷಗಳಲ್ಲಿ ಒಂದು ಸಂಜೆಯೂ ಅವನು ದಂಡೆಗೆ ಹೋದವನಲ್ಲ.

"ಹೆಂಗಿತ್ತು?" ಎಂದು ಕೇಳಿದ.

ನೀಲವ್ವ ಒದ್ದೆ ಸೀರೆಯಂಚು ಹಿಂಡಿದಳು. "ಕಾದ ರೊಟ್ಟಿ ಹಂಚು ನೀರಾಗ ಅದ್ದಿದಂಗ ಇತ್ತು" ಎಂದಳು. "ಚುಂಯ್ ಅನ್ಲಿಲ್ಲ, ಅಷ್ಟ."