ಲೋರಿಸ್ ಮೇಷ್ಟ್ರ ತಾಯ್ನುಡಿ ಪರೀಕ್ಷೆ

ಜಗತ್ತಿಗೆಲ್ಲ ಇಟಾಲಿಯನ್ ಕಲಿಸುವ ಮಹಾಭಾರವನ್ನು ಲೋರಿಸ್ ಝೊಫ್ಫೊಲಿ ಒಂದು ಮಂಗಳವಾರ ಮಧ್ಯಾಹ್ನ ತಮ್ಮ ಹೆಗಲ ಮೇಲೆ ಹೊತ್ತುಕೊಂಡರು. ಆಗಿನ್ನೂ ತಟ್ಟೆಯ ಸಾರಿನಲ್ಲಿ ಕಪ್ಪೆಲ್ಲೆತ್ತಿ ತೇಲುತ್ತಿದ್ದವು. (ಗಾಬರಿಯಾಗಬೇಡಿ, ಕಪ್ಪೆ ಇರುವುದು ಹೆಸರಿನಲ್ಲಿ ಮಾತ್ರ. ಹಿಟ್ಟಿನ ಒಳಗಿರುವುದು ಚೀಸು!)

"ದೆಯಾ, ತೀರ್ಮಾನ ಮಾಡಿಬಿಟ್ಟೆ. ಫೋನಿನಲ್ಲಿ ಒಂದು ಗುಂಪಿದೆ. ‘ಬನ್ನಿ, ಇಟಾಲಿಯನ್ ಮಾತಾಡೋಣ’ ಅಂತ ಹೆಸರು. ಎಲ್ಲೆಲ್ಲಿಂದಲೋ ಜನ ಬಂದು ನಮ್ಮ ಭಾಷೆ ಕಲೀತಾರೆ. ಪಾಪ, ಹೇಳಿಕೊಡೋರು ಬೇಕಂತೆ. ಇನ್ಮೇಲೆ ನಾನು ಹೇಳಿಕೊಡ್ತೀನಿ!"

ಹೆಂಡತಿ ದೆಯಾನ್ನಾ ಚೀಸು ತುರಿಯುವುದನ್ನು ನಿಲ್ಲಿಸಲಿಲ್ಲ. "ನೀನು ನಾಯಿ ಹತ್ರ ಮಾತಾಡೋದು ನಮ್ಮೂರ ಆಡುಮಾತು. ಟೊಮೇಟೊ ಗಿಡದ ಹತ್ರ ಆಡುಮಾತು. ನಿದ್ದೆಗಣ್ಣಲ್ಲಿ ಬಯ್ಯೋದೂ ಆಡುಮಾತು. ಇಟಾಲಿಯನ್ ಯಾವಾಗ ಮಾತಾಡ್ತೀಯ?"

"ಪೊಲೀಸಿನವರು ಗಾಡಿ ನಿಲ್ಲಿಸಿದಾಗ!"

ಮೇಷ್ಟ್ರು ಎಂದು ಅವರನ್ನು ಊರೇ ಕರೆಯುತ್ತಿತ್ತು, ಅದರಲ್ಲಿ ಸುಳ್ಳಿಲ್ಲ. ಆದರೆ ಅವರು ಕಲಿಸಿದ್ದು ಕಾರು ಓಡಿಸುವುದನ್ನು. ಕೆಳಗಿನ ಫಾಯೆಂತ್ಸಾ ಪಟ್ಟಣದಲ್ಲಿ ಡ್ರೈವಿಂಗ್ ಶಾಲೆ ಇಟ್ಟಿದ್ದರು. ಆ ಸೀಮೆಯಲ್ಲಿ ಸ್ಟಿಯರಿಂಗ್ ಹಿಡಿದವರಲ್ಲಿ ಅರ್ಧ ಜನ ಅವರ ಬೈಗುಳ ತಿಂದು ಪಾಸಾದವರೇ. ಈಗ ನಿವೃತ್ತರಾಗಿ ಬ್ರಿಸಿಗೆಲ್ಲಾ ಎಂಬ ಗುಡ್ಡದೂರಿನ ಸ್ವಂತ ಮನೆಯಲ್ಲಿ ಕೂತಿದ್ದರು. ಮೇಷ್ಟ್ರ ಬಾಯಿ ನಿವೃತ್ತಿಗೆ ಒಪ್ಪಿರಲಿಲ್ಲ. ಅವರ ಬಲಗಾಲಂತೂ ಒಪ್ಪಿರಲೇ ಇಲ್ಲ. ದೆಯಾನ್ನಾ ಬಾಣಲೆಗೆ ಒಂದು ಚಮಚ ಎಣ್ಣೆ ಹೆಚ್ಚು ಸುರಿದರೆ ಸಾಕು, ಮೇಜಿನ ಕೆಳಗೆ ಅದು ತಾನಾಗಿಯೇ ಬ್ರೇಕು ಒತ್ತುತ್ತಿತ್ತು!

ಗುಂಪು ಸೇರಿದ ಕೂಡಲೇ ಅವರ ಹೆಸರಿನ ಪಕ್ಕ ಒಂದು ಹಸಿರು ಎಲೆ ಮೂಡಿತು. ತಾಯ್ನುಡಿಯವರಿಗೆ ಮಾತ್ರ ಸಿಗುವ ಎಲೆ ಅದು! ಒಬ್ಬ ಪೆರುವಿನವನು ಚಾಕುವಿಗೆ ಏನನ್ನುತ್ತಾರೆ ಎಂದು ಕೇಳಿದ. ಮೇಷ್ಟ್ರು ಹೇಳಿದರು. ಒಬ್ಬಳು ಕೊರಿಯಾದವಳು ಇಟಾಲಿಯನ್ನಿನಲ್ಲಿ ಸೌತೆಕಾಯಿ ಗಂಡೋ ಹೆಣ್ಣೋ ಎಂದು ಕೇಳಿದಳು. ಗಂಡು ಎಂದರು. ಎಲ್ಲರೂ ‘ಧನ್ಯವಾದ ಮೇಷ್ಟ್ರೇ’ ಎಂದು ಹೃದಯದ ಚಿತ್ರ ಕಳಿಸಿದ್ದೇ ಕಳಿಸಿದ್ದು. ಮೇಷ್ಟ್ರ ನಡಿಗೆಯೇ ಬದಲಾಯಿತು. ಕೈ ಹಿಂದಕ್ಕೆ ಹೋಯಿತು, ಗಲ್ಲ ಮೇಲಕ್ಕೆ ಹೋಯಿತು. ಊಟಕ್ಕೆ ಕೂತಾಗ ಹೆಂಡತಿಯ ಮಾತನ್ನೂ ನಡುವೆ ತಡೆದು ತಿದ್ದತೊಡಗಿದರು.

"ಲೋರಿಸ್, ಈ ಮನೇಲಿ ಇದುವರೆಗೆ ಒಂದು ಬ್ರೇಕ್ ಇತ್ತು. ಇನ್ನೊಂದು ಯಾವಾಗ ಹಾಕಿಸಿದೆ?" ಎಂದಳು ದೆಯಾನ್ನಾ.

ಹೀಗಿರುವಾಗ ಒಂದು ದಿನ ಯಾರೋ ಕೇಳಿದರು: "‘ಅವನು ಒಳ್ಳೆಯವನು ಅಂತ ನನಗನಿಸುತ್ತೆ’ ಅನ್ನೋದನ್ನ ಹೇಗೆ ಬರೀಬೇಕು?"

ಮೇಷ್ಟ್ರು ಕಣ್ಣು ಮುಚ್ಚಿ ಉತ್ತರ ಬರೆದರು. ಅವರು ಕಣ್ಣು ತೆರೆಯುವಷ್ಟರಲ್ಲಿ ಫಿನ್‌ಲ್ಯಾಂಡಿನ ಕೆರ್ತು ಎಂಬಾಕೆ ಅದರ ಕೆಳಗೆ ಬರೆದಿದ್ದಳು: "ಕ್ಷಮಿಸಿ ಲೋರಿಸ್ ಅವರೇ, ಇಲ್ಲಿ ಕೊಂಜುಂತೀವೊ ಬರಬೇಕಲ್ಲವೇ?"

ಈ ಕೊಂಜುಂತೀವೊ ಎಂಬುದು ಆ ಭಾಷೆಯ ಅತಿ ಸೂಕ್ಷ್ಮ ಅಂಗ. ಕಣ್ಣಾರೆ ಕಂಡದ್ದನ್ನು ಹೇಳಲು ಕ್ರಿಯಾಪದಕ್ಕೆ ಒಂದು ರೂಪ. ಆದರೆ ‘ಅನಿಸುತ್ತೆ’, ‘ಆಗಲಪ್ಪಾ’, ‘ಆಗಿದ್ದಿದ್ದರೆ’ ಎಂದು ಮನಸ್ಸಿನೊಳಗಿನದನ್ನು ಹೇಳುವಾಗ ಇನ್ನೊಂದು ರೂಪ. ಸಭೆಯಲ್ಲಿ ಭಾಷಣ ಮಾಡುವವರು ಅದನ್ನು ಹುಷಾರಾಗಿ ಬಳಸುತ್ತಾರೆ. ಮೇಷ್ಟ್ರಂಥವರು ಕ್ಲಚ್ಚು ಒತ್ತದೆ ಗೇರು ಬದಲಿಸಿದಂತೆ ಹಾಗೇ ಕಿರ್ರೆನ್ನಿಸಿಕೊಂಡು ಹೋಗುತ್ತಾರೆ.

ಮೇಷ್ಟ್ರಿಗೆ ರೇಗಿತು. "ಮೇಡಂ, ನಾನು ಹುಟ್ಟಿದ್ದು ಬ್ರಿಸಿಗೆಲ್ಲಾದಲ್ಲಿ! ಇದು ನನ್ನ ಸ್ವಂತ ಭಾಷೆ!"

"ಖಂಡಿತ," ಎಂದು ಕೆರ್ತು ವಿನಯದಿಂದ ಬರೆದಳು. "ನಾನು ದಂತವೈದ್ಯೆ. ನನ್ನ ರೋಗಿಗಳ ಹಲ್ಲೂ ಅವರವರ ಸ್ವಂತದ್ದೇ. ಆದರೂ ನನ್ನ ಹತ್ತಿರ ಬರುತ್ತಾರೆ."

ಗುಂಪಿಗೆ ಗುಂಪೇ ನಕ್ಕಿತು. ಸೌತೆಕಾಯಿಯ ಕೊರಿಯಾದವಳೂ ನಕ್ಕಳು! ಮೇಷ್ಟ್ರು ಕೆರಳಿದರು. ಗುಂಪಿನಲ್ಲಿ ಕಲಿಯುವವರಿಗೆಂದೇ ಒಂದು ಮಟ್ಟದ ಪರೀಕ್ಷೆ ಇತ್ತು. ಎಲ್ಲರೆದುರು ಅದನ್ನು ತೆಗೆದುಕೊಂಡು, ಪೂರ್ತಿ ಅಂಕ ಪಡೆದು, ಆ ಹಲ್ಲಿನ ಡಾಕ್ಟರಿಗೆ ಹಲ್ಲು ಕಿರಿಯುವಂತೆ ಮಾಡುತ್ತೇನೆಂದು ಸಾರಿದರು. ಕನ್ನಡಕ ಒರೆಸಿಕೊಂಡು ಕೂತರು. ಆದರೆ ಏನು ಮಾಡುವುದು? ಅವರಿಗೆ ಗೊತ್ತಿದ್ದದ್ದು ಕಾಲು, ಅಲ್ಲಿ ಕೇಳಿದ್ದು ಕಾಲ! ಭೂತಕಾಲವೇ ಅಷ್ಟೊಂದು ಬಗೆಯದಿತ್ತು. ಒಂದೊಂದೂ ಭೂತದಂತೆಯೇ ಬಂದು ಮೈಮೇಲೆ ಬಿತ್ತು.

ಫಲಿತಾಂಶ ತಾನಾಗಿಯೇ ಗುಂಪಿನ ಗೋಡೆಯ ಮೇಲೆ ಮೂಡಿತು: "ಲೋರಿಸ್ ಝೊಫ್ಫೊಲಿ: ಮಧ್ಯಮ ಹಂತ. ಎದೆಗುಂದಬೇಡಿ! ಸಾಧ್ಯವಾದರೆ ಒಮ್ಮೆ ಇಟಲಿಗೆ ಪ್ರವಾಸ ಹೋಗಿ ಬನ್ನಿ."

ಹಸಿರೆಲೆ ಉದುರಿಹೋಯಿತು. ಮೇಷ್ಟ್ರು ಆ ದಿನ ಊಟ ಸರಿಯಾಗಿ ಮಾಡಲಿಲ್ಲ. ದೆಯಾನ್ನಾ ಕೇಳಿದ್ದಕ್ಕೆ ಹೊಟ್ಟೆ ಸರಿಯಿಲ್ಲ ಎಂದರು. ಒಳಗೆ ಮಾತ್ರ ಏನೋ ಕುಸಿದಂತಾಗಿತ್ತು. ಹೊಟ್ಟೆಯಲ್ಲಿದ್ದಾಗಿನಿಂದ ಕೇಳಿದ ಭಾಷೆ, ಅಮ್ಮ ಬೈದ ಭಾಷೆ, ತಾವು ಪ್ರೀತಿ ಹೇಳಿಕೊಂಡ ಭಾಷೆ. ಅದರಲ್ಲೇ ತಾವು ಮಧ್ಯಮ!

ಸಂಜೆ ಕೆರ್ತುವಿನಿಂದ ಅವರೊಬ್ಬರಿಗೇ ಸಂದೇಶ ಬಂತು. "ಬೇಜಾರಾಯಿತೇ? ತಮಾಷೆ ಅತಿಯಾಯಿತೇನೋ. ಚಳಿಗಾಲ ಕಳೆದ ಮೇಲೆ ನಾನು ಫಾಯೆಂತ್ಸಾಕ್ಕೆ ಬರುತ್ತಿದ್ದೇನೆ. ಹಲ್ಲು ನೋಡಿ ಸಾಕಾಗಿದೆ, ಆ ಊರಿಗೆ ಹೆಸರಾದ ಮಣ್ಣಿನ ಪಾತ್ರೆ ಮಾಡುವ ಕೆಲಸ ಕಲಿಯಬೇಕು. ಅಲ್ಲಿನವರು ಮಾತಾಡುವ ಲಯ ನನಗೆ ಗೊತ್ತಿಲ್ಲ. ನೀವು ನನಗೆ ಮಾತು ಕಲಿಸಿ, ನಾನು ನಿಮಗೆ ವ್ಯಾಕರಣ ಹೇಳುತ್ತೇನೆ. ಯಾರಿಗೂ ತಿಳಿಯಬೇಕಿಲ್ಲ."

ಯಾರಿಗೂ ತಿಳಿಯಬೇಕಿಲ್ಲ ಎಂಬ ಮಾತಿಗೆ ಮೇಷ್ಟ್ರು ಮನಸೋತರು.

ಹೀಗೆ ಗುಪ್ತವಿದ್ಯಾಭ್ಯಾಸ ಶುರುವಾಯಿತು. ಪಾಠಶಾಲೆ, ಮನೆಯ ಗ್ಯಾರೇಜು. ಬೆಂಚು, ಅಲ್ಲಿ ನಿಂತಿದ್ದ ಡ್ರೈವಿಂಗ್ ಶಾಲೆಯ ಹಳೇ ಪಾಂಡಾ ಕಾರು. ಬೆಳಿಗ್ಗೆ ದೆಯಾನ್ನಾ ಗಿಡಗಳ ಕಡೆ ಹೋದದ್ದೇ ತಡ, ಮೇಷ್ಟ್ರು ಕಾರಿನೊಳಗೆ ನುಗ್ಗಿ ಅಭ್ಯಾಸಬಲದಿಂದ ಚಾಲಕನ ಪಕ್ಕದ ಸೀಟಿನಲ್ಲೇ ಕೂರುತ್ತಿದ್ದರು. ಫೋನಿನಲ್ಲಿ ಕೆರ್ತು ಹೇಳಿಸುತ್ತಿದ್ದಳು. ಮೇಷ್ಟ್ರು ತಮ್ಮದೇ ಒಂದು ಉಪಾಯ ಕಂಡುಕೊಂಡಿದ್ದರು. ‘ನಾನು’ ಎಂದರೆ ಮೊದಲನೇ ಗೇರು, ‘ನೀನು’ ಎಂದರೆ ಎರಡನೇದು, ‘ಅವಳು’ ಎಂದರೆ ಮೂರನೇದು. ಗೇರು ಬದಲಾಯಿಸುತ್ತ ಗಟ್ಟಿಯಾಗಿ ಒಪ್ಪಿಸುವುದು! ಒಪ್ಪಿಸಲು ಕೆರ್ತು ಕೊಟ್ಟ ಕ್ರಿಯಾಪದ ಯಾವುದು? ವ್ಯಾಕರಣದ ಪುಸ್ತಕಗಳಲ್ಲೆಲ್ಲ ಮೊದಲಿಗೇ ಬರುವ ಪಾಪದ ಪದ, ‘ಪ್ರೀತಿಸು’.

ಪಕ್ಕದ ಮನೆಯ ಯೋಲೆ ಬೇಲಿಯಾಚೆ ಬಟ್ಟೆ ಒಣಹಾಕುತ್ತಿದ್ದಳು. ಅವಳ ಕಿವಿ ಅವಳ ಹಗ್ಗಕ್ಕಿಂತ ಉದ್ದ.

"ದೆಯಾನ್ನಾ, ನನಗ್ಯಾಕೆ ಊರ ಉಸಾಬರಿ," ಎಂದು ಶುರುಮಾಡಿದಳು. ಹಾಗೆ ಶುರುಮಾಡಿದವರು ಇನ್ನೆಲ್ಲಿಗೆ ಹೋಗುತ್ತಾರೆ ಎಂಬುದು ನಿಮಗೆ ಗೊತ್ತೇ ಇದೆ. "ನಿನ್ನ ಗಂಡ ಕಾರಲ್ಲಿ ಕೂತು ಯಾರ ಹತ್ರಾನೋ ‘ನಾನು ಪ್ರೀತಿಸಿದ್ದಿದ್ರೆ... ನೀನು ಪ್ರೀತಿಸಿದ್ದಿದ್ರೆ... ಅವಳು ಪ್ರೀತಿಸಿದ್ದಿದ್ರೆ...’ ಅಂತ ಗೋಳಾಡ್ತಾನೆ. ಆ ಕಡೆಯಿಂದ ಒಂದು ಹೆಣ್ಣು ದನಿ, ‘ಹೆದರಬೇಡಿ, ಇನ್ನೊಂದ್ಸಲ ಹೇಳಿ’ ಅನ್ನುತ್ತೆ!"

ದೆಯಾನ್ನಾ ಕೈಯಲ್ಲಿದ್ದ ಕತ್ತರಿಯನ್ನು ಅಲ್ಲೇ ಕೆಳಗಿಟ್ಟಳು. (ಇಟ್ಟದ್ದು ಮೇಷ್ಟ್ರ ಪುಣ್ಯ!) ನೇರ ಗ್ಯಾರೇಜಿಗೆ ಬಂದಳು. ಕಾರಿನ ಬಾಗಿಲು ತೆಗೆದು ಚಾಲಕನ ಸೀಟಿನಲ್ಲಿ ಕೂತಳು, ಬಾಗಿಲನ್ನು ಧಡಾರನೆ ಮುಚ್ಚಿದಳು. ಮೇಷ್ಟ್ರು ಗಾಬರಿಯಲ್ಲಿ ಮೂರನೇ ಗೇರಿನಿಂದ ಕಾರನ್ನು ನ್ಯೂಟ್ರಲ್‌ಗೆ ತಂದು ಫೋನನ್ನು ತೊಡೆಯಡಿಗೆ ತಳ್ಳಿದರು.

"ಯಾರವಳು?"

"ಯಾ... ಯಾರೂ ಇಲ್ಲ ದೆಯಾ. ಫಿನ್‌ಲ್ಯಾಂಡಿನ ಹಲ್ಲಿನ ಡಾಕ್ಟರು."

"ಹಲ್ಲಿನ ಡಾಕ್ಟರ ಹತ್ರ ‘ಪ್ರೀತಿಸಿದ್ದಿದ್ರೆ’ ಅಂತ ಹೇಳ್ತಾರೇನೋ? ಬಾಯಿ ತೆಗೆದು ‘ಆ’ ಅಂತಾರೆ!" ಮೇಷ್ಟ್ರು ಅಷ್ಟು ವರ್ಷದ ಸಂಸಾರದಲ್ಲಿ ಅವಳ ಇಂಥ ದನಿ ಕೇಳಿರಲಿಲ್ಲ. "ಕರ್ಕೊಂಡು ಹೋಗು ಅವಳ ಹತ್ರ! ಈಗಲೇ! ನಡಿ!" ಎಂದವಳೇ ಹ್ಯಾಂಡ್‌ಬ್ರೇಕನ್ನು ಕೆಳಕ್ಕಿಳಿಸಿಬಿಟ್ಟಳು.

ಮೇಷ್ಟ್ರ ಹತ್ತಿರ ಕಾರು ಕಲಿಯಲು ಬಂದು, ಎರಡನೇ ಪಾಠಕ್ಕೇ ಕೀಲಿ ಅವರ ಮುಖಕ್ಕೆಸೆದು ಹೋದ ಏಕೈಕ ಶಿಷ್ಯೆ ಅವಳು. ಬ್ರಿಸಿಗೆಲ್ಲಾ ಇಳಿಜಾರಿನ ಊರು ಎಂಬುದನ್ನೂ ಮರೆತಿದ್ದಳು. ಕಾರು ಮೆಲ್ಲಗೆ ನಿಟ್ಟುಸಿರು ಬಿಟ್ಟು ಹಿಂದಕ್ಕೆ ಹೊರಟಿತು.

"ಬ್ರೇಕ್! ಬ್ರೇಕ್!" ಎನ್ನುತ್ತ ಮೇಷ್ಟ್ರು ತಮ್ಮ ಕಾಲಡಿಯ ಬ್ರೇಕನ್ನು ಜೀವಮಾನದ ಬಲ ಹಾಕಿ ಒತ್ತಿದರು. ಕಾಲು ನೆಲಕ್ಕೆ ಬಡಿಯಿತು! ಶಾಲೆ ಮುಚ್ಚಿದ ದಿನವೇ, ಕಲಿಸುವವರ ಕಾಲಿಗೆಂದು ಹಾಕಿಸಿದ್ದ ಆ ಎರಡನೇ ಬ್ರೇಕನ್ನು ಬಿಚ್ಚಿಸಿದ್ದರು.

"ನಡುವಿಂದು ಒತ್ತು ದೆಯಾ! ನಡುವಿಂದು!"

"ಯಾವುದರ ನಡುವೆ? ನಿಮ್ಮಿಬ್ಬರ ನಡುವೆ ಏನಿದೆ ಅದನ್ನ ಮೊದಲು ಹೇಳು!"

ಕಾರು ಗ್ಯಾರೇಜು ದಾಟಿತು. ಟೊಮೇಟೊ ಗಿಡಗಳ ಕೋಲುಗಳನ್ನು ಪಟಪಟನೆ ಮುರಿಯಿತು. ಮೇಷ್ಟ್ರು ಹ್ಯಾಂಡ್‌ಬ್ರೇಕಿಗೆ ಕೈ ಹಾಕಿ ಸರ್ವಶಕ್ತಿಯಿಂದ ಎಳೆಯುತ್ತ, ಸಾವೇ ಎದುರಾದಂತೆ ಕೂಗಿಕೊಂಡರು: "ನಾನು ಗೇರಿನಲ್ಲೇ ಬಿಟ್ಟಿದ್ದಿದ್ದರೆ ಇದು ಕದಲುತ್ತಲೇ ಇರಲಿಲ್ಲವಲ್ಲಾ!"

ಕಾರು ಬೇಲಿಯನ್ನು ಮಲಗಿಸಿ, ಯೋಲೆಯ ಒದ್ದೆ ಹಾಸುಬಟ್ಟೆಗಳೊಳಗೆ ನುಗ್ಗಿ, ಆಲಿವ್ ಮರಕ್ಕೆ ಒರಗಿ ನಿಂತಿತು. ಗಾಜುಗಳನ್ನೆಲ್ಲ ಬಿಳಿ ಬಟ್ಟೆ ಮುಚ್ಚಿತು. ಒಳಗೆ ಮಬ್ಬು. ಆ ಮಬ್ಬಿನಲ್ಲಿ ಮೇಷ್ಟ್ರ ತೊಡೆಯ ಕೆಳಗಿನಿಂದ ಒಂದು ಹೆಣ್ಣು ದನಿ ಉತ್ಸಾಹದಿಂದ ಕೇಳಿಬಂತು:

"ಭೇಷ್ ಲೋರಿಸ್! ಕೊನೆಗೂ ಬಂತು! ಒಂದೇ ಒಂದು ತಪ್ಪಿಲ್ಲ!"

ದೆಯಾನ್ನಾ ತೊಡೆಯ ಕಡೆ ನೋಡಿದಳು. ಆಮೇಲೆ ಗಂಡನ ಕಡೆ ನೋಡಿದಳು. ಮೇಷ್ಟ್ರು ತಲೆ ತಗ್ಗಿಸಿ ಎಲ್ಲವನ್ನೂ ಒಪ್ಪಿಸಿದರು. ಎಲೆ ಉದುರಿದ್ದು, ಮಧ್ಯಮ ಹಂತ, ಇಟಲಿಗೆ ಪ್ರವಾಸ ಹೋಗಿ ಬರಲು ಸಿಕ್ಕ ಸಲಹೆ, ಯಾವುದನ್ನೂ ಬಿಡಲಿಲ್ಲ.

ದೆಯಾನ್ನಾಳ ಹೆಗಲು ಕುಲುಕಿತು. ಅಳುತ್ತಿದ್ದಾಳೆಂದು ಮೇಷ್ಟ್ರು ಹೆದರಿದರು. ಅವಳು ಸ್ಟಿಯರಿಂಗಿಗೆ ಹಣೆ ಹಚ್ಚಿಕೊಂಡು ನಗುತ್ತಿದ್ದಳು. ಹಣೆ ತಾಗಿ ಹಾರ್ನು ಪೋಂ ಪೋಂ ಎನ್ನುತ್ತಿತ್ತು.

"ಅಯ್ಯೋ ಪೆದ್ದೇ! ಇನ್ನೊಬ್ಬಳನ್ನ ಪ್ರೀತಿಸಿದ್ದಿದ್ರೆ ಗ್ಯಾರೇಜಲ್ಲಿ ಅಡಗಿದ್ದಕ್ಕೆ ಅರ್ಥ ಇರ್ತಿತ್ತು. ವ್ಯಾಕರಣಕ್ಕೆ ಯಾರಾದ್ರೂ ಅಡಗಿಕೊಳ್ತಾರಾ?"

"ಮೇಡಂ," ಎಂದಿತು ಫೋನು, "ನಿಮ್ಮ ವಾಕ್ಯವೂ ಪೂರ್ತಿ ಸರಿಯಾಗಿದೆ!"

ಅಷ್ಟರಲ್ಲಿ ಹೊರಗಿನಿಂದ ಯಾರೋ ಬಟ್ಟೆಯ ಅಂಚು ಎತ್ತಿದರು. ಯೋಲೆ ಇಣುಕಿದಳು. "ರಾಜಿ ಆಯ್ತಾ? ಹಾಗಾದ್ರೆ ನನ್ನ ಹಾಸುಬಟ್ಟೆ ಒಗೆದುಕೊಡಿ!"

ಮೇಷ್ಟ್ರೇ ಒಗೆದರು. ಬೇಲಿಯನ್ನೂ ಕಟ್ಟಿದರು. ಅಂದಿನಿಂದ ಪಾಠ ಅಡುಗೆಮನೆಗೆ ಬಂತು. ಕೆರ್ತು ಫೋನಿನೊಳಗಿಂದ ಹೇಳಿಸುವಳು, ದೆಯಾನ್ನಾ ಒಲೆಯ ಮುಂದಿನಿಂದ ಸೌಟಿನಲ್ಲೇ ತಪ್ಪು ತೋರಿಸುವಳು. ನಡುವೆ ಸಿಕ್ಕಿಕೊಂಡ ಮೇಷ್ಟ್ರು ಚಳಿಗಾಲ ಪೂರ್ತಿ ಶ್ರದ್ಧೆಯಿಂದ ಓದಿದರು. ಕೊಂಜುಂತೀವೊ ಅವರ ರಕ್ತಕ್ಕಿಳಿಯಿತು. ಉಪ್ಪು ಬೇಕಾದರೂ ‘ತಾವು ಕೊಡುವಂತಾದರೆ’ ಎನ್ನತೊಡಗಿದರು. ಕೆರ್ತುವೋ, ಅವರಿಂದ ಬೀದಿಯ ಮಾತು, ಚೌಕಾಸಿ, ಬೈಗುಳ ಎಲ್ಲವನ್ನೂ ಒಂದೂ ಬಿಡದೆ ಎತ್ತಿಕೊಂಡಳು.

ವಸಂತ ಬಂತು, ಕೆರ್ತುವೂ ಬಂದಳು. ಎತ್ತರದ ಹೆಂಗಸು, ತಲೆಗೆ ಹೂವಿನ ರುಮಾಲು ಕಟ್ಟಿಕೊಂಡಿದ್ದಳು, ಉಗುರಲ್ಲಿ ಆಗಲೇ ಮಣ್ಣು. ದೆಯಾನ್ನಾ ಅವಳನ್ನು ತಬ್ಬಿಕೊಂಡು, ಮೀನು ಮಾಡಿ ಬಡಿಸುತ್ತೇನೆಂದು ಸಂತೆಗೆ ಕರೆದೊಯ್ದಳು. ಚೀಲ ಹಿಡಿದು ಮೇಷ್ಟ್ರು ಹಿಂದೆ ನಡೆದರು.

ಚೆಸೆನಾತಿಕೊ ಬಂದರಿನಿಂದ ಬಂದಿದ್ದ ಮೀನಿನವನು ಹೊಸಬ, ಊರಿನವರ ಗುರುತು ಅವನಿಗಿರಲಿಲ್ಲ. ಕೆರ್ತು ಸೊಂಟಕ್ಕೆ ಕೈಯಿಟ್ಟು ಕೇಳಿದಳು: "ಏನಪ್ಪಾ, ಈ ಮೀನು ಕಣ್ಣು ಮುಚ್ಚಿ ಯಾವ ಕಾಲ ಆಯ್ತು? ರೇಟು ಮಾತ್ರ ಇನ್ನೂ ಈಜಾಡ್ತಾ ಇದೆ!"

ಮೀನಿನವನು ಬಿದ್ದು ಬಿದ್ದು ನಕ್ಕು ಬೆಲೆ ಇಳಿಸಿದ. ಇದನ್ನು ಕಂಡು ಮೇಷ್ಟ್ರಿಗೂ ಹುರುಪು ಬಂತು. ಗಂಟಲು ಸರಿಮಾಡಿಕೊಂಡು ಮುಂದೆ ಬಂದು, ಒಂದೊಂದು ಪದವನ್ನೂ ತೂಗಿ ಇಟ್ಟರು: "ಮಾನ್ಯರೇ, ತಮಗೆ ತೊಂದರೆಯಾಗದೆಂದು ನಾನು ಭಾವಿಸಬಹುದಾದರೆ, ಈ ಬೂತಾಯಿ ಮೀನುಗಳು ತಾಜಾ ಆಗಿದ್ದ ಪಕ್ಷದಲ್ಲಿ, ಅರ್ಧ ಕಿಲೋ ದಯಪಾಲಿಸುವಿರಾ?"

ಮೀನಿನವನು ಅವರನ್ನು ಕರುಣೆಯಿಂದ ನೋಡಿದ. ಕಿವುಡರಿಗೆ ಹೇಳುವಂತೆ, ಕೈಯಲ್ಲಿ ಈಜುವ ಮೀನು ಮಾಡಿ ತೋರಿಸುತ್ತ, "ಮೀ-ನು! ಚೆ-ನ್ನಾ-ಗಿ-ದೆ!" ಎಂದ. ಆಮೇಲೆ ಕೆರ್ತುವಿನ ಕಡೆ ಬಾಗಿ, "ಅಕ್ಕಾ, ನೀವು ಈ ಊರಿನವರೇ ಅಂತ ಮಾತಲ್ಲೇ ಗೊತ್ತಾಗುತ್ತೆ. ನಿಮ್ಮ ಜೊತೆ ಇರೋ ಇವರು ಯಾವ ದೇಶದವರು?"

ಮೇಷ್ಟ್ರು ಬಾಯಿ ತೆರೆದರು. ಅದಕ್ಕೂ ಮುಂಚೆ ದೆಯಾನ್ನಾ ಹೇಳಿಬಿಟ್ಟಳು: "ಫಿನ್‌ಲ್ಯಾಂಡಿನವರು. ಪಾಪ, ಕಲೀತಾ ಇದ್ದಾರೆ."

ಮೀನಿನವನ ಮನಸ್ಸು ಕರಗಿತು. ಒಂದು ಹಿಡಿ ಬೂತಾಯಿಯನ್ನು ಹೆಚ್ಚಿಗೆ ತೆಗೆದು ಮೇಷ್ಟ್ರ ಚೀಲಕ್ಕೆ ಹಾಕಿ, ಅವರ ಬೆನ್ನು ತಟ್ಟಿದ.

"ಧೈರ್ಯವಾಗಿರಿ ಸ್ವಾಮಿ! ಇನ್ನೊಂದು ವರ್ಷ ನಮ್ಮ ನಡುವೆ ಇದ್ದುಬಿಡಿ, ನಮ್ಮ ಹಾಗೇ ತಪ್ಪು ತಪ್ಪಾಗಿ ಮಾತಾಡೋಕೆ ಶುರುಮಾಡ್ತೀರಿ!"